ಎಂಟು ಮಂದಿಗೆ, ಐದು ದಿನಕ್ಕೆ

ಡಬ್ಬದ ಮೇಲೆ ಹಾಗೆಂದು ಬರೆದವಳು ನಾನೇ,
ಕಿತ್ತಳೆ ಮೈಮೇಲೆ ಕಪ್ಪು ಅಕ್ಷರ.
ಉಪೆರ್ನಾವಿಕ್ ಬಂದರಿನ ಉಗ್ರಾಣದಲ್ಲಿ
ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ:
ತುಂಬುವುದು, ಮುದ್ರೆ ಒತ್ತುವುದು, ದೋಣಿಗೆ ಕಳಿಸುವುದು;
ಮುದ್ರೆ ಒಡೆಯದೆ ಮರಳಿದ್ದನ್ನು ಬಿಚ್ಚಿ
ಹಳತು ತೆಗೆದು ಹೊಸತು ತುಂಬುವುದು.
ಯಾರೂ ಉಣ್ಣದ ಬುತ್ತಿ ಕಟ್ಟುತ್ತೀಯಲ್ಲೇ ಆಬೆಲೋನೆ,
ಅಂತ ನನ್ನ ಗಂಡ ನಗುತ್ತಿದ್ದ.

ಈ ಸಲ ಮುದ್ರೆ ಒಡೆದೇ ಬಂದಿದೆ.

ನವೆಂಬರ್ ಕೊನೆಗೆ ಎಸ್ಕಿಯಾಸನ ದೋಣಿ,
ಹೊಟ್ಟೆ ತುಂಬ ಹಾಲಿಬಟ್ ಮೀನು ಹೊತ್ತದ್ದು,
ಹಿಮದ ಎರಡು ಹಲಗೆಗಳ ನಡುವೆ
ಬಾಗಿಲ ಸಂದಿಗೆ ಸಿಕ್ಕ ಬೆರಳಾಯಿತು.
ಎಂಟೂ ಜನ ಡಬ್ಬ ಎಳೆದುಕೊಂಡು ಹಿಮಕ್ಕೆ ಇಳಿದರು.
ನಾಲ್ಕು ರಾತ್ರಿ.
ಆ ತಿಂಗಳಲ್ಲಿ ಇಲ್ಲಿ ಹಗಲೂ ರಾತ್ರಿಯೇ,
ನಾಲ್ಕೆಂದು ಹೇಗೆ ಎಣಿಸಿದರೋ.
ಎಂಟೂ ಜನ ಬದುಕಿ ಬಂದರು. ಬಂದು ಹೇಳಿದ್ದು ಇಷ್ಟೇ:
"ಚಳಿ ಇತ್ತು."
ಮಾತಿಗೂ ಪಡಿತರ ಹಾಕಿಕೊಂಡ ಜನ ನಮ್ಮವರು.
ಉಳಿದದ್ದನ್ನು ಡಬ್ಬವೇ ಹೇಳಬೇಕು.

ಮೇಜಿನ ಮೇಲೆ ಹರಡಿಕೊಂಡೆ.
ಗುಡಾರದ ಒಂದು ಮೂಲೆ ಸುಟ್ಟಿದೆ,
ಗಾಳದ ದಾರದಲ್ಲಿ ಹೊಲಿದಿದ್ದಾರೆ. ನೇರ ಹೊಲಿಗೆ:
ಅಡುಗೆಯ ಮಾರ್ಟಿನುಸನ ಕೈ, ನನಗೆ ಗೊತ್ತು.
ಸಲಿಕೆ ಎರಡು, ಒಂದರ ಹಿಡಿ ಮುರಿದಿದೆ;
ಗಾಳಿಗೆ ಅಡ್ಡ ಗೋಡೆ ಕಟ್ಟಿರಬೇಕು.
ಬೆಂಕಿಕಡ್ಡಿ ನೂರರಲ್ಲಿ ಉಳಿದದ್ದು ಅರವತ್ತೊಂದು.
ಟಾರ್ಚುಗಳೆಲ್ಲ ಸತ್ತಿವೆ.
ಪಾತ್ರೆಯ ತಳದಲ್ಲಿ ಕಾಫಿ ಕಲೆ.
ಕಾಫಿ ನನ್ನ ಪಟ್ಟಿಯಲ್ಲಿ ಇಲ್ಲ!
ಮುಳುಗುವ ದೋಣಿಯಿಂದ ಯಾವನೋ ಪುಣ್ಯಾತ್ಮ
ಕಾಗದಪತ್ರ ಬಿಟ್ಟು ಕಾಫಿಪುಡಿ ತಂದಿದ್ದಾನೆ.

ಸೀಟಿ ಎಂಟು. ಏಳರ ದಾರ ಬಿಚ್ಚೇ ಇಲ್ಲ.
ಎಂಟನೆಯದರ ತುದಿ ಹಲ್ಲಿಗೆ ಸಿಕ್ಕಿ ನಜ್ಜುಗುಜ್ಜು.
ಹುಡುಗ ಉಜಾರಕ್‌ನದು ಇರಬೇಕು.
ಹೆಸರಿನ ಅರ್ಥ ಕಲ್ಲು; ವಯಸ್ಸು ಹದಿನೇಳು.
ಊದಲಿಲ್ಲ ಅನ್ನಿಸುತ್ತದೆ,
ಹಲ್ಲು ಕಟಕಟ ಅನ್ನದಿರಲೆಂದು ಕಚ್ಚಿ ಹಿಡಿದಿದ್ದಾನೆ.

ಕನ್ನಡಿ.
"ಸೂರ್ಯನ ಬೆಳಕನ್ನು ವಿಮಾನದತ್ತ ತಿರುಗಿಸಿ"
ಎಂದು ಹಿಂದೆ ಮೂರು ಭಾಷೆಯಲ್ಲಿ ಸೂಚನೆ.
ಎರಡು ತಿಂಗಳು ಸೂರ್ಯನೇ ಹುಟ್ಟದ ಊರಲ್ಲಿ
ವರ್ಷವರ್ಷ ಇದನ್ನೂ ತುಂಬುತ್ತೇನೆ, ನಿಯಮ ನಿಯಮವೇ.
ಹೋದ ಹಾಗೆಯೇ ಮರಳಬೇಕಿತ್ತು.
ಆದರೆ ನಡುವೆ ಉಸಿರು ಮಂಜುಗಟ್ಟಿ ಒಣಗಿದ ಗುರುತು,
ಒಂದರ ಮೇಲೊಂದು, ಒಂದರ ಮೇಲೊಂದು.
ಅಂಚಿನಲ್ಲಿ ಹೆಬ್ಬೆರಳಿನ ಅಚ್ಚು, ಮೋಟು.

ಎಸ್ಕಿಯಾಸನ ಹೆಬ್ಬೆರಳ ತುದಿಯನ್ನು
ಬಹಳ ಹಿಂದೆ ಬಲೆಯ ರಾಟೆ ತಿಂದಿತ್ತು.

ಕೊನೆಗೆ ಮಲಗುವ ಚೀಲಗಳು.
ಏಳರಲ್ಲಿ ಬೆವರು, ಮೀನು, ಸೀಮೆಎಣ್ಣೆ.
ಎಂಟನೆಯದು ಇನ್ನೂ ಪ್ಲಾಸ್ಟಿಕ್ಕಿನಲ್ಲೇ,
ನಾನು ಒತ್ತಿ ಮುಚ್ಚಿದ ಹಾಗೆ, ಇಟ್ಟಿಗೆಯಂತೆ.
ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ.
ಮುಖದಿಂದ ಮುಖಕ್ಕೆ ಬಾಗುತ್ತ,
ಮೂಗಿನ ಕೆಳಗೆ ಕನ್ನಡಿ ಹಿಡಿದು,
ಮಂಜು ಕಟ್ಟುವವರೆಗೆ ತಾನು ಉಸಿರು ಬಿಡದೆ...
ಏಳು ಮುಖ. ಮತ್ತೆ ಮೊದಲಿನಿಂದ.

ಸಹಿ ಹಾಕಲು ಅವನೇ ಬಂದ, ಕೈ ಜೇಬಿನಲ್ಲಿ.
ನಮೂನೆ ನೋಡಿದ.
ಮಲಗುವ ಚೀಲ, ಒಂದು: ಬಳಸಿಲ್ಲ.
ಕನ್ನಡಿ: ಬಳಸಲಾಗಿದೆ.
"ತಪ್ಪು ಬರೆದಿದ್ದೀಯ, ಸೂರ್ಯ ಎಲ್ಲಿತ್ತು?" ಅಂದ.
"ಇರಲಿ ಬಿಡು," ಅಂದೆ.
ಅವನು ಕಿಟಕಿ ನೋಡಿದ. ಕಿಟಕಿಯಲ್ಲಿ ಏನೂ ಕಾಣುತ್ತಿರಲಿಲ್ಲ.
ಸಹಿ ಹಾಕಿ ಹೋದ.

ಹೊಸ ಡಬ್ಬ ತುಂಬಿದೆ.
ಕನ್ನಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕೆಂದು ನಿಯಮ; ಒರೆಸಿದೆ.
ಚಾಪೆಗಳ ಕೆಳಗೆ, ಪಟ್ಟಿಯಲ್ಲಿ ಇಲ್ಲದ್ದು,
ಕಾಲು ಕಿಲೋ ಕಾಫಿಪುಡಿ.
ಮುಚ್ಚಳ ಕೂರಲಿಲ್ಲ.
ಮೊಣಕಾಲೂರಿ ಒತ್ತಬೇಕಾಯಿತು.