ಹದಿನೇಳನೆಯ ನಂಬರು

ಇಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಹುಂಜವಲ್ಲ,
ಎಲ್ಸಿಯಾಳ ಕೆಮ್ಮು.
ಹುಂಜ ಅದಕ್ಕೆ ಓಗೊಡುತ್ತದೆ, ಅಷ್ಟೆ.
ಆಮೇಲೆ ಇದ್ದಿಲ ಹೊಗೆ, ಜೋಳದ ಗಂಜಿಯ ಕೊತಕೊತ,
ಆಮೇಲೆ ನಾನು, ಒಡಾಲಿನ್,
ಜಾಕ್ಮೆಲ್ಲಿನ ಮೇಲ್ದಾರಿಯಿಂದ
ತಲೆಯ ಮೇಲೆ ಬೋಗುಣಿ ಹೊತ್ತು ಇಳಿಯುವವಳು,
ಈ ಮನೆಯ ಬಟ್ಟೆ ಒಗೆಯುವವಳು.

ಮಕ್ಕಳು ಮೂವತ್ತೊಂದು. ಅಂಗಿಗಳು ಅದರ ಮೂರರಷ್ಟು.
ಕಾಲರಿನ ಒಳಗೆ ಕಪ್ಪು ಶಾಯಿಯ ನಂಬರು.
ಹೆಸರು ಬರೆದರೆ ಮಗು ಹೋದ ಮೇಲೂ
ಎಷ್ಟು ಉಜ್ಜಿದರೂ ಹೋಗುವುದಿಲ್ಲ,
ನಂಬರಾದರೆ ಮುಂದಿನವರಿಗೂ ಆಗುತ್ತದೆ:
ಇದು ಮೇಡಂ ಯೂಲಾಲಿಯ ಲೆಕ್ಕ.
ಲೆಕ್ಕ ಸರಿಯೇ ಇದೆ. ನಾನೇನೂ ಅನ್ನುವುದಿಲ್ಲ.

ಸಮುದ್ರದಾಚೆಯಿಂದ ವರ್ಷಕ್ಕೆರಡು ಸಲ ಪೆಟ್ಟಿಗೆ ಬರುತ್ತದೆ.
ಒಮ್ಮೆ ಬರೀ ಉಣ್ಣೆ ಟೋಪಿ. ಈ ಸೆಕೆಯಲ್ಲಿ!
ಒಂದರಲ್ಲಿ ಕೋಳಿ ಮೊಟ್ಟೆಯಿಟ್ಟಿತು,
ಉಳಿದವು ಫುಟ್‌ಬಾಲಿನ ಗೋಲುಗಂಬವಾದವು.
ಟೀ-ಶರ್ಟುಗಳ ಮೇಲೆ ಯಾರದೋ ಮದುವೆಯ ದಿನಾಂಕ,
ಯಾವುದೋ ಬ್ಯಾಂಕಿನವರ ಓಟದ ಪಂದ್ಯ.
ನಮ್ಮ ಮಕ್ಕಳು ಓಡದ ಓಟಗಳನ್ನೆಲ್ಲ
ಕಲ್ಲಿಗೆ ಬಡಿದು, ನೀಲಿ ಹಾಕಿ, ಒಣಗಿಸಿದ್ದೇನೆ.

ವಿಡ್ಲಿನ್ ಒಂದು ವರ್ಷ ತನ್ನ ದಾನಿಗೆ ಪತ್ರ ಬರೆಸಿದಳು:
ನನ್ನ ಹತ್ತಿರ ಒಂದು ಆಡಿದೆ, ಹೆಸರು ರಾಣಿ.
ಆಡೂ ಇಲ್ಲ, ರಾಣಿಯೂ ಇಲ್ಲ.
ಮರುವರ್ಷ ಆ ಮುದುಕಿ ರಾಣಿಗೆಂದು ಹಿತ್ತಾಳೆ ಗಂಟೆ ಕಳಿಸಿದಳು.
ಮೇಡಂ ಬಯ್ಯಲೆಂದು ಬಾಯಿ ತೆರೆದವಳು
ಗಂಟೆಯನ್ನೊಮ್ಮೆ ಅಲ್ಲಾಡಿಸಿ ನೋಡಿ ಸುಮ್ಮನಾದಳು.
ಈಗ ಅದು ಅಡಿಗೆಮನೆಯ ಬಾಗಿಲಲ್ಲಿದೆ.
ಮೂರು ಹೊತ್ತೂ ರಾಣಿ ಊಟಕ್ಕೆ ಕರೆಯುತ್ತಾಳೆ.

ಹದಿನೇಳರ ಮಾತಿಗೆ ಬರುತ್ತೇನೆ.
ಅದು ಮೊದಲು ರೋಸ್ಲೋರಳದ್ದು,
ಅವಳೀಗ ಲೆಕೈಯಲ್ಲಿ ಹೊಲಿಗೆ ಕಲಿಯುತ್ತಾಳೆ.
ಆಮೇಲೆ ದಿಯೂನೋರನದ್ದು. ಒಂದು ಮಧ್ಯಾಹ್ನ
ಅವನ ಸೋದರತ್ತೆ ಹಲಸಿನ ಜಾತಿಯ ಕಾಯಿ ಚೀಲದ ಜೊತೆ
ಬಸ್ಸಿಳಿದು ಬಂದು, ಚೀಲ ಬಿಟ್ಟು, ಹುಡುಗನನ್ನು ಒಯ್ದಳು.
ಈಗ ವಿಲ್ನೇಸನದ್ದು.
ವಯಸ್ಸು ಹಲ್ಲು ನೋಡಿದ ಡಾಕ್ಟರ ಪ್ರಕಾರ ಆರು.
ಅವನನ್ನೇ ಕೇಳಿದರೆ ಐದೂ ಬೆರಳು ಬಿಚ್ಚಿ,
ಸ್ವಲ್ಪ ಯೋಚಿಸಿ, ಒಂದನ್ನು ಮಡಚುತ್ತಾನೆ.

ಬಂದ ಹೊಸದರಲ್ಲಿ ಮಾತಿಲ್ಲ, ಆಟವಿಲ್ಲ.
ಆದರೆ ಬೆಳಿಗ್ಗೆ ಕೊಟ್ಟ ಅಂಗಿ
ಹತ್ತು ಗಂಟೆಗೆ ಮಣ್ಣಾಗಿ ನನ್ನ ಬೋಗುಣಿಯ ಮುಂದೆ.
ನಿನ್ನೆಯೂ. ಮೊನ್ನೆಯೂ.
ಎಲ್ಲಿ ಬಿದ್ದೆಯೋ ಎಂದರೆ ನೆಲ ನೋಡುತ್ತಾನೆ.
ಒಂದು ದಿನ ಕಣ್ಣಾರೆ ಕಂಡೆ:
ನಲ್ಲಿಯ ಕೆಳಗೆ ಕೂತು, ಅಂಗಿ ಬಿಚ್ಚಿ,
ಅಮ್ಮ ರೊಟ್ಟಿಗೆ ಬೆಣ್ಣೆ ಸವರುವ ಹಾಗೆ
ಎದೆಯ ಭಾಗಕ್ಕೆ ಕೆಸರು ಸವರುತ್ತಿದ್ದ,
ಅಂಚಿನವರೆಗೂ, ಜೋಪಾನವಾಗಿ.

ನನ್ನ ಮಂಡಿನೋವಿನ ಮೇಲಾಣೆ, ಸಿಟ್ಟು ಬಂದಿತ್ತು.
ಬಂದು ನಿಂತ. ಅಂಗಿ ನೀಡಿದ.
ನೊರೆಯಲ್ಲಿ ಅದ್ದಿದೆ. ಅವನು ಪಕ್ಕದ ಕಲ್ಲಿನ ಮೇಲೆ ಕೂತ.
ಒಣಗುವವರೆಗೂ ಕೂತೇ ಇದ್ದ,
ಬರಿಮೈಯಲ್ಲಿ, ನನ್ನ ಲಂಗದ ಅಂಚು ಅವನ ಕಾಲಿಗೆ ತಾಗುವಷ್ಟು ಹತ್ತಿರ.
ಓಹೋ, ಅಂದುಕೊಂಡೆ.

ಅಂದಿನಿಂದ ಅವನಿಗೆ ಕೆಲಸ ಕೊಟ್ಟಿದ್ದೇನೆ, ಕ್ಲಿಪ್ಪು ಎಣಿಸುವುದು.
ಒಂದು, ಎರಡು, ಎಂದು ಕ್ರೆಯೋಲಿನಲ್ಲಿ ಗಟ್ಟಿಯಾಗಿ,
ಹದಿನೇಳರವರೆಗೆ ಬಂದು ನಿಲ್ಲುತ್ತಾನೆ.
ಮುಂದೆ ಹದಿನೆಂಟು, ಹೇಳಿಕೊಟ್ಟೆ.
ತಲೆಯಾಡಿಸಿದ: ಅದು ಮನೂಷ್ಕಾಳದ್ದು.

ಹೌದಲ್ಲ.
ಇಬ್ಬರೂ ಮತ್ತೆ ಒಂದರಿಂದ ಶುರು ಮಾಡಿದೆವು.

ನಾಳೆ ಭಾನುವಾರ, ಬಿಳಿ ಅಂಗಿ, ಪ್ರಾರ್ಥನೆ, ಒಗೆತವಿಲ್ಲ.
ಸೋಮವಾರಕ್ಕೆಂದು
ನಲ್ಲಿಯನ್ನು ಪೂರ್ತಿ ತಿರುಗಿಸದೆ ಬಂದಿದ್ದೇನೆ.
ಮೇಡಂಗೆ ಹೇಳಬೇಡಿ.