ಲಾಭ, ಎರಡು, ಮೂರು

ಕುಮಟೆಯ ಬಸ್‌ಸ್ಟ್ಯಾಂಡಿನೆದುರು ಸ್ಟುಡಿಯೋ ಮುಚ್ಚುವಾಗ
ವಿಠೋಬ ಶೇಟರು ನಾಲ್ಕು ಸಾವಿರಕ್ಕೆ ಕೊಟ್ಟ ಕ್ಯಾಮೆರಾ.
ಮಸೂರದಂಚಿಗೆ ಬೂಷ್ಟು ಹಿಡಿದಿದೆ,
ಯಾರದೋ ಮದುವೆಯ ಅಕ್ಷತೆಯ ಕಾಳೊಂದು
ಫ್ಲ್ಯಾಶಿನ ಸಂದಿಯಲ್ಲಿ ಇನ್ನೂ ಇದೆ.
"ಇದ್ರಲ್ಲಿ ಚುಕ್ಕಿ ತೆಗೀತ್ಯಾ?" ಅಂತ ನಕ್ಕಿದ್ದರು.

ಮೂರು ಕಾಲಿನ ಸ್ಟ್ಯಾಂಡಿಗೆ ದುಡ್ಡು ಸಾಲಲಿಲ್ಲ.
ಉಪ್ಪು ಹೊರುವ ಬುಟ್ಟಿ ಕವುಚಿ
ಮೇಲೊಂದು ಮರಳಿನ ಚೀಲ, ಅದರ ಕುಳಿಯಲ್ಲಿ
ಆಕಾಶಕ್ಕೆ ಮುಖ ಮಾಡಿ ಮಲಗಿಸುತ್ತೇನೆ,
ನಿದ್ದೆ ಬಾರದ ಕೂಸಿನ ಹಾಗೆ.
ದೂರದ ತದಡಿ ಧಕ್ಕೆಯ ದೀಪಕ್ಕೆ ಫೋಕಸ್ಸು ಕೂರಿಸಿ
ಉಂಗುರ ಅಲುಗದಂತೆ ಕರೆಂಟಿನ ಟೇಪು ಸುತ್ತಿ
ಬೆರಳಿನ ನಡುಕವೂ ತಾಗಬಾರದೆಂದು
ಎರಡು ಸೆಕೆಂಡಿನ ಟೈಮರು ಇಟ್ಟು
ಸರಿದು ನಿಲ್ಲುತ್ತೇನೆ.

ಇಬ್ಬನಿಗೆ ಉಪಾಯ ಹೇಳಿದವಳು ಅವ್ವಿ:
ಮೊಣಕಾಲಿಗೆ ಕಾವು ಕೊಡುವ ಹುರಿದ ಉಪ್ಪನ್ನು
ನನ್ನ ಶಾಲೆಯ ಕಾಲುಚೀಲದಲ್ಲಿ ತುಂಬಿ
ಮಸೂರದ ಕುತ್ತಿಗೆಗೆ ಕಟ್ಟಿದರಾಯಿತು.

ಅಮಾಸೆ. ಚುಕ್ಕಿಗೆ ಇದಕ್ಕಿಂತ ಒಳ್ಳೆಯ ಕತ್ತಲಿಲ್ಲ.
ಅಮಾಸೆಗೇ ಭರತವೂ ದೊಡ್ಡದು.
ಹನ್ನೊಂದರ ಹೊತ್ತಿಗೆ ಅಘನಾಶಿನಿ ಏರಿ ಬಂದು
ಜಂತ್ರದ ಹಲಗೆಗೆ ಹಣೆ ಗುದ್ದುತ್ತದೆ.
ಸಾಣೀಕಟ್ಟೆಯ ಈ ಆಗರದ ಕಾವಲು ಅವ್ವಿಯದು.
ಬ್ಯಾಟರಿ ಹಿಡಿದು, ಸೋರುವಲ್ಲಿ ಕೆಸರು ಮೆತ್ತುತ್ತ
ದಂಡೆಯುದ್ದಕ್ಕೂ ನಡೆಯುತ್ತಾಳೆ.

ಮೊದಲ ಚಿತ್ರ ಪರದೆಯಲ್ಲಿ ತೋರಿಸಿದೆ:
ಮೇಲೆ ಅಗಸ್ತ್ಯ, ಪಾತಿಯ ನೀರಿನಲ್ಲೂ ಅಗಸ್ತ್ಯ,
ನಡುವೆ ಎಳೆಯ ಕೈ ಎಳೆದಂಥ ಸೊಟ್ಟ ಬೆಳಕಿನ ಗೆರೆ.
"ನಾ ಎಲ್ಲಿದ್ದೆ ಇದ್ರಲ್ಲಿ?"
ಈ ಗೆರೆ ನೀನು, ಅಂದೆ.
ನಡೆಯುವವರನ್ನು ಇದು ಹಿಡಿಯುವುದಿಲ್ಲ.
"ಚುಕ್ಕಿ ನಡೀತಿಲ್ವಾ ಹಂಗಾರೆ?"
ನಡೆಯುತ್ತವೆ, ನಿಧಾನಕ್ಕೆ, ಎಂದು ತಡವರಿಸಿದೆ.
ಅವಳು ಕೆಸರುಗೈ ಸೀರೆಗೊರೆಸಿ
ದಂಡೆಯ ಮೇಲೆ ನೆಟ್ಟಗೆ ನಿಂತಳು,
ಬ್ಯಾಟರಿ ಆರಿಸಿ.
"ತೆಗಿ. ಎಷ್ಟು ಹೊತ್ತು?"

ಮೂವತ್ತು ಸೆಕೆಂಡು.
ಇಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು
ನಾನು ಯಾವತ್ತೂ ನೋಡಿರಲಿಲ್ಲ.
ಎಣಿಸತೊಡಗಿದಳು, ಬುಟ್ಟಿ ಅಳೆಯುವ ದನಿಯಲ್ಲಿ:
ಲಾಭ...
ಎರಡು...
ಮೂರು...
ಹದಿನೇಳಕ್ಕೆ ಜಂತ್ರದ ಕಡೆ ಬುಳಕ್ ಎಂದಿತು.
ಕತ್ತು ಹೊರಳಿತು. ಹತ್ತೊಂಬತ್ತಕ್ಕೆ ಅವಳಿರಲಿಲ್ಲ.
ಎಣಿಕೆ ಮಾತ್ರ ದಂಡೆಗುಂಟ
ದೂರ ದೂರ ಹೋಗುತ್ತಿತ್ತು.

ಚಿತ್ರದಲ್ಲಿ ಅವ್ವಿ ಇದ್ದಾಳೆ, ಹೊಗೆ ಹಿಡಿದ
ಚಿಮಣಿ ಗಾಜಿನಷ್ಟು. ಮುಖ ಎರಡು ಕಡೆ ತಿರುಗಿದೆ.
ಎಡ ಭುಜದೊಳಗಿಂದ ಅಗಸ್ತ್ಯ ಕಾಣುತ್ತಾನೆ,
ಸೊಂಟದ ಹತ್ತಿರ ಹೆಸರು ಗೊತ್ತಿಲ್ಲದ ನಾಲ್ಕು ಚುಕ್ಕಿ.
ಶೇಟರಾಗಿದ್ದರೆ "ಹಾಳಾಯ್ತು, ಇನ್ನೊಂದು ತೆಗೆಯುವ"
ಎನ್ನುತ್ತಿದ್ದರು.

ಕಾಲುಚೀಲದ ಉಪ್ಪು ತಣ್ಣಗಾಗಿದೆ.
ಕತ್ತಲೊಳಗಿಂದ ಕೂಗು:
"ಮೂವತ್ತಾಯ್ತು ಮಗಾ, ಬಾ,
ಹಲಗೆ ಹಿಡಿ."