ಬೆನ್ನಿನ ಪಿನ್ನು

ಭಾನುವಾರ ಬೆಳಗಿನ ಆಟ, ಅಮೆರಿಕದ ಹಳೇ ಪಿಕ್ಚರ್ರು,
ಕಪ್ಪು-ಬಿಳುಪು, ಅರ್ಧ ರೇಟು.
ಮಿಲ್ಲಿನ ರಾತ್ರಿ ಪಾಳಿ ಬಿಟ್ಟವರು
ತಲೆಗೂದಲಲ್ಲಿ ಹತ್ತಿಯ ಎಳೆ ಹಾಗೇ ಇಟ್ಟುಕೊಂಡು ಬಂದು
ಫ್ಯಾನಿನ ಕೆಳಗೆ ನಿದ್ದೆ ಹೋಗುತ್ತಿದ್ದರು.
ಎಚ್ಚರವಿದ್ದವರು ಇಬ್ಬರೇ:
ಮಂಡಿಪೇಟೆಯ ದರ್ಜಿ ವಿಠೋಬಪ್ಪ ನವಲೆ,
ಅವರ ಅಂಗಡಿಯಲ್ಲಿ ಕಾಜ ಹಾಕುವ ನಾನು.

ಅವರಿಗೆ ಇಂಗ್ಲಿಷು ಬಾರದು.
'ಮಾತು ತಿಳಿದ್ರೆ ಬಟ್ಟೆ ಕಾಣಾದಿಲ್ಲ ತಮ್ಮಾ.'
ಕೋಟಿನ ಗುಂಡಿ ಪೂರ್ತಿ ಹಾಕಿಕೊಂಡು ಬಂದವನು ಮೋಸಗಾರ.
ಟೈ ಸಡಿಲಿಸಿದವನು, ಪಾಪ, ಸಾಯ್ತಾನೆ.
ಹತ್ತಕ್ಕೆ ಎಂಟು ಸಲ ಹಾಗೇ ಆಗುತ್ತಿತ್ತು.
ಉಳಿದೆರಡಕ್ಕೆ ಡೈರೆಕ್ಟರನನ್ನು ಬೈಯುತ್ತಿದ್ದರು.

ಹರಿಹರದ ಕಡೆಯಿಂದ ಗೂಡ್ಸು ಹಾದರೆ
ಟಾಕೀಸಿನ ಗೋಡೆ ನಡುಗಿ
ಪರದೆಯ ಮೇಲೆ ಆಕೆಯ ಗಲ್ಲ ನಡುಗಿ
ಕಥೆಯಲ್ಲಿ ಇನ್ನೂ ಅಳು ಬಂದಿರದ ಕಣ್ಣು
ತುಂಬಿದಂತೆ ಕಾಣುತ್ತಿತ್ತು.
ಆ ನೀರು ನಮ್ಮೂರಿನದು.

ಒಮ್ಮೆ ಆಕೆ ಮೆಟ್ಟಿಲಿಳಿದು ಬಂದಳು.
ಅಷ್ಟೇ. ಮೆಟ್ಟಿಲಿಳಿದು ಬಂದಳು.
ಮಂಡಕ್ಕಿ-ಮಿರ್ಚಿ ತಿನ್ನುತ್ತ
ಗೌನಿನ ಬಣ್ಣಕ್ಕೆ ಜಗಳ ಬಿದ್ದೆವು.
ನಾನು ಕೆಂಪು ಅಂದೆ.
ಕೈಯ ಎಣ್ಣೆ ಪೇಪರಿಗೆ ಒರೆಸಿ ಅವರಂದರು:
'ಹಸಿರು. ಕೆಂಪಾಗಿದ್ರೆ
ಇನ್ನೊಂಚೂರು ಜೋರು ಇಳೀತಿದ್ಲು.'

ಆ ಮಳೆ ಪೈಪಿನದು, ಚಂದ್ರ ಲೈಟಿನದು,
ಕಿಟಕಿಯಾಚೆಯ ಊರು ಬಟ್ಟೆಯ ಮೇಲೆ ಬರೆದದ್ದು.
ಎಲ್ಲಾ ಅವರೇ ತೋರಿಸಿಕೊಟ್ಟರು.
ಗೊತ್ತಿದ್ದೂ ಯಾಕೆ ನೋಡ್ತೀರಿ ಅಂದರೆ,
'ಒಳಗೆ ಕ್ಯಾನ್ವಾಸ್ ಐತೆ ಅಂತ
ಮದುಮಗನ ಎದೆ ನೋಡಾದಿಲ್ಲೇನು?'

ಹತ್ತಿ ದಲ್ಲಾಳಿ ಕೊಟ್ರಬಸಪ್ಪನವರ ಮಗನ ಮದುವೆಗೆ
ಪರದೆಯಿಂದಲೇ ಎತ್ತಿದ ಕೋಟು.
ಕತ್ತಲಲ್ಲಿ ಹೆಬ್ಬೆರಳು ಚಾಚಿ
ಹೀರೋನ ಹೆಗಲು ಅಳೆದರು, ಬೀಡಿ ಕಟ್ಟಿನ ಮೇಲೆ ಗುರುತು ಹಾಕಿಕೊಂಡರು.
ಎದೆ ಕೂತಿತು, ಕಾಲರ್ ಕೂತಿತು.
ಬೆನ್ನಿಗೆ ಮಾತ್ರ ಒಂದು ಸುಕ್ಕು.
ಏಳು ಸಲ ಬಿಚ್ಚಿದರು.
ಏಪ್ರಿಲ್ಲಿನ ದಾವಣಗೆರೆ, ಉಣ್ಣೆ ಬಟ್ಟೆ,
ಇದ್ದಿಲ ಇಸ್ತ್ರಿಪೆಟ್ಟಿಗೆ.
ಹುಡುಗ ಹಂಗೇ ಹಾಕಿಕೊಂಡು ಹಸೆಗೆ ಕೂತ.
ಇವರು ಊಟಕ್ಕೆ ಹೋಗಲಿಲ್ಲ.
'ಅಲ್ಲಿ ಇಲ್ಲ, ನನ್ನ ಕೈಯಾಗೆ ಯಾಕೆ?'
ಸಾಯೋವರೆಗೂ ಅದೇ ಮಾತು.

ಮೊನ್ನೆ ಮೊಮ್ಮಗಳ ಫೋನಿನಲ್ಲಿ
ಅದೇ ಪಿಕ್ಚರ್ ಸಿಕ್ಕಿತು.
ಈಗ ಗೂಡ್ಸು ಇಲ್ಲ, ಆಕೆಯ ಕಣ್ಣು ಒಣಗಿದೆ.
ಹೀರೋ ಬಾಗಿಲ ಬಳಿ ತಿರುಗುತ್ತಾನೆ,
ಹಿಂದೊಂದು ಕನ್ನಡಿ,
ಕನ್ನಡಿಯಲ್ಲಿ ಬೆನ್ನು.
ಒಂದೇ ಗಳಿಗೆ.
ನಿಲ್ಲಿಸಿ ನೋಡಿದೆ.
ಕೋಟನ್ನು ಹಿಂದಕ್ಕೆ ಜಗ್ಗಿ ಮಡಚಿ
ಕುತ್ತಿಗೆಯಿಂದ ಸೊಂಟದವರೆಗೆ ಪಿನ್ನು, ಪಿನ್ನು, ಪಿನ್ನು.

ಕನ್ನಡಿ ಇಟ್ಟವನಿಗೆ ಅವತ್ತು
ರಾತ್ರಿ ಪಾಳಿಯ ನಿದ್ದೆ ಇದ್ದಿರಬೇಕು.

ಸಿಟ್ಟು ಬರಲಿಲ್ಲ. ಮತ್ತೆ ಹಿಂದಕ್ಕೆ ಒತ್ತಿ,
ಮತ್ತೆ ಒತ್ತಿ ನೋಡುತ್ತಾ ಕೂತೆ.
ಚೌಕಟ್ಟಿನಾಚೆ, ಬೆಳಕು ಮುಗಿಯುವಲ್ಲಿ
ಯಾರೋ ಒಬ್ಬ ನಿಂತಿದ್ದಾನೆ,
ಕೊರಳಿಗೆ ಟೇಪು,
ತುಟಿಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು.
ಅವನಿಗೂ ಮಾತು ಬರುವಂತಿಲ್ಲ.